ಹದಿನೈದು ದಿನದ ಗಂಡ

೨೪ ಜನವರಿ ೧೯೮೧

ಮಾನ್ಯ ಅಧ್ಯಕ್ಷರೇ, ಪೂಜ್ಯ ತೀರ್ಪುಗಾರರೇ, ಮುಂದಿನ ಸಾಲಿನಲ್ಲಿ ಮೀಸೆ ತಿರುವುತ್ತಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಮಹಿಳೆಯರೇ, ಮತ್ತು ಇವರೆಲ್ಲರ ನಡುವೆ ನಿಜವಾಗಿ ಇರುವ ಒಬ್ಬಳೇ ಒಬ್ಬಳಾದ ನನ್ನ ಸವತಿಯೇ,

ಈ ದಿನ ಸಭೆಯ ಮುಂದಿರುವ ವಿಷಯ: ಗಂಡ ಒಬ್ಬ, ಮನೆ ಎರಡು, ತಿಂಗಳಿಗೆ ಮೂವತ್ತೇ ದಿನ.

ತಂಗಿ, ಸಭೆ ಕರೆಯದೆ ನನಗೆ ಮಾತು ಹೊರಡುವುದಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಟ್ಟಲು ಗೆದ್ದವಳು ನಾನು. ಈಗ ಲೈಬ್ರರಿಯ ಕೌಂಟರಿನ ಹಿಂದೆ ಕೂತು ದಿನಕ್ಕೆ ನಲವತ್ತು ಸಲ ‘ಸದ್ದು ಮಾಡಬೇಡಿ’ ಅನ್ನುವುದಷ್ಟೇ ನನ್ನ ಭಾಷಣ. ಉಳಿದದ್ದನ್ನೆಲ್ಲ ನಿನ್ನ ಮೇಲೆ ಖರ್ಚು ಮಾಡುತ್ತೇನೆ.

ನಿಯಮ ನಿನಗೆ ಮರೆತಂತಿದೆ, ಓದಿ ಹೇಳುತ್ತೇನೆ. ನಮ್ಮವರು ಹದಿನೈದು ದಿನ ಈ ಊರಿನ ಆಫೀಸುಗಳ ಟೈಪ್‌ರೈಟರ್ ರಿಪೇರಿ ಮಾಡುತ್ತಾ ನನ್ನ ಮನೆಯಲ್ಲಿರುತ್ತಾರೆ. ಮುಂದಿನ ಹದಿನೈದು ದಿನ ನಿನ್ನ ಊರು, ನಿನ್ನ ಮನೆ. ಅವರು ಬಂದು ತಲುಪಿದ ದಿನವೇ ಆ ಮನೆಯವಳು ‘ತಲುಪಿದರು’ ಎಂದು ಒಂದು ಕಾರ್ಡು ಹಾಕಬೇಕು. ಕಾರ್ಡಿನ ತಾರೀಕಿನಿಂದ ಎಣಿಕೆ. ನಾಲ್ಕು ವರ್ಷದ ಹಿಂದೆ ನಿಮ್ಮ ವಕೀಲರ ಯಂತ್ರ ರಿಪೇರಿಗೆಂದು ಬಂದವರು ಅದರ ಮುಂದೆ ಕೂತಿದ್ದ ಟೈಪಿಸ್ಟನ್ನೂ ಕಟ್ಟಿಕೊಂಡಾಗ, ಅತ್ತು ಕೂಗಾಡಿ ಸುಸ್ತಾದ ಮೇಲೆ ಮೂವರೂ ಕೂತು ಒಪ್ಪಿದ್ದು ಇದು. ನಾನು ಪುಸ್ತಕ ಕೊಡುವುದೂ ಹೀಗೇ, ತಾರೀಕು ಒತ್ತಿ.

ನೀನು ಮಾಡಿದ್ದೇನು? ಕಳೆದ ಜುಲೈನಲ್ಲಿ ಅವರು ನಿನ್ನ ಮನೆಯಲ್ಲಿ ಕಾಲು ಚಾಚಿ ಮೂರು ದಿನವಾಗಿದ್ದರೂ ‘ಇನ್ನೂ ಬಂದಿಲ್ಲ ಅಕ್ಕ, ಎದೆ ಹೊಡೆದುಕೊಳ್ಳುತ್ತಿದೆ’ ಎಂದು ಬರೆದೆ. ಮೂರು ದಿನ ಲೆಕ್ಕಕ್ಕೆ ಸಿಗದಿರಲಿ ಎಂದು. ನಾನು ಹುಚ್ಚಿಯ ಹಾಗೆ ಬಸ್ ನಿಲ್ದಾಣಕ್ಕೆ ಓಡಿದೆ. ಕಂಡಕ್ಟರ್ ಹಲ್ಲು ಕಿರಿದು, “ನಿಮ್ ಯಜಮಾನ್ರಾ? ಮಂಗಳವಾರನೇ ಹತ್ತಿಸ್ಕೊಂಡು ಹೋದೆನಲ್ಲಮ್ಮ. ಕೈಲಿ ಬಣ್ಣದ ಕಾಗದದ ಪೊಟ್ಟಣ ಬೇರೆ ಇತ್ತು” ಎಂದ. ಆ ಪೊಟ್ಟಣ ನನ್ನ ಮನೆಯಿಂದ ಹೊರಟದ್ದಲ್ಲ.

ನಾನೇನು ಮಹಾಸಾಧ್ವಿಯಲ್ಲ. ಇಲ್ಲದ ಜ್ವರ ಬರಿಸಿ ಒಮ್ಮೆ ನಾಲ್ಕು ದಿನ ಉಳಿಸಿಕೊಂಡಿದ್ದೇನೆ. ಆದರೆ ಈ ಸಲ ನೀನು ಐದು ದಿನ ತಡ ಮಾಡಿ ಕಳಿಸಿದೆ. ಹೋಗಲಿ, ಕ್ಷಮಿಸಿದ್ದೇನೆ. ಫೆಬ್ರವರಿ ಎರಡು, ಸೋಮವಾರ, ಬೆಳಗಿನ ಬಸ್ಸಿಗೆ ಹತ್ತಿಸುತ್ತೇನೆ.

ತಲುಪಿದ ದಿನವೇ ಕಾರ್ಡು ಹಾಕು; ಕಣ್ಣಿಗೆ ಮಣ್ಣೆರಚಿದ್ದು ಸಾಕು.

ನಿನ್ನ ಅಕ್ಕ
(ವಯಸ್ಸಿನಿಂದ, ಪ್ರೀತಿಯಿಂದಲ್ಲ)


೭ ಫೆಬ್ರವರಿ ೧೯೮೧

ವಿಷಯ: ಗಂಡನನ್ನು ಅವಧಿ ಮೀರಿ ಇಟ್ಟುಕೊಂಡಿರುವ ಬಗ್ಗೆ.
ಉಲ್ಲೇಖ: ತಮ್ಮ ಭಾಷಣ, ದಿನಾಂಕ ೨೪ ಜನವರಿ.

ಅಕ್ಕನವರಿಗೆ,

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಇವತ್ತು ಶನಿವಾರ.

ಕೈಬರಹಕ್ಕೆ ಕ್ಷಮೆ ಇರಲಿ. ನನ್ನ ಯಂತ್ರ ಕೆಟ್ಟಿದೆ. ಸಾಲು ಮುಗಿದ ಮೇಲೆ ಎಡಗಡೆ ಹೋಗಿ ನಿಂತ ಕಾಗದದ ಉರುಳೆ ಎಷ್ಟು ದೂಡಿದರೂ ಈಚೆ ಬರುವುದಿಲ್ಲ. ನೋಡಬೇಕಾದವರು ನಿಮ್ಮ ಮನೆಯಲ್ಲಿದ್ದಾರೆ. ವಕೀಲರು ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಾರೆ: “ನೋಡಿ ಸ್ವಾಮಿ, ಮೆಕ್ಯಾನಿಕ್ಕನ್ನ ಮದ್ವೆ ಆದವಳ ಮಷೀನೇ ರಿಪೇರಿ ಆಗಲ್ಲ. ಅಡುಗೆ ಚೆನ್ನಾಗಿ ಮಾಡೋಳನ್ನ ಕಟ್ಕೊಂಡು ನಾನು ಉಪವಾಸ ಇರೋ ಹಾಗೆ!”

ಜುಲೈನಲ್ಲಿ ನಾನು ಬರೆದದ್ದು ಸುಳ್ಳು. ಒಪ್ಪಿದೆ. ಆಗ ಸುಳ್ಳು, ಈಗ ಅಲ್ಲ. ನಾನು ತಡ ಮಾಡಿದ ಐದು ದಿನಕ್ಕೆ ಬದಲು ನೀವು ಐದು ದಿನ ಇಟ್ಟುಕೊಂಡಿರಿ ಎಂದುಕೊಂಡೆ. ಆ ಐದೂ ಇಂದಿಗೆ ಮುಗಿದವು.

ಭಾಷಣ ಬೇಡ, ಪ್ರಾಸ ಬೇಡ. ಅಲ್ಲಿದ್ದಾರೋ ಇಲ್ಲವೋ, ಒಂದೇ ಗೆರೆ ಬರೆಯಿರಿ.

ಇಂತಿ,
ಕಿರಿಯವಳು


೧೧ ಫೆಬ್ರವರಿ ೧೯೮೧

ತಂಗಿ,

ಇದ್ದಾರೆ.

ನೀನು ಕೇಳಿದ ಒಂದು ಗೆರೆ ಮುಗಿಯಿತು. ಇನ್ನು ಮುಂದಿನದು ನನ್ನ ಔದಾರ್ಯ.

ಇದ್ದಾರೆ, ಸುಖವಾಗಿದ್ದಾರೆ. ಎರಡನೇ ತಾರೀಕು ಚೀಲ ಹೆಗಲಿಗೇರಿಸಿ ಮೆಟ್ಟಿಲ ತನಕ ಹೋದವರು ತಿರುಗಿ ಬಂದು ಕುರ್ಚಿಯಲ್ಲಿ ಕೂತುಬಿಟ್ಟರು. “ಏನ್ರೀ, ಬಸ್ಸು ಹೋಗುತ್ತೆ” ಅಂದೆ. “ಹೋಗ್ಲಿ ಬಿಡೇ. ಏಳು ಗಂಟೆ ಕೂತು ಕೂತು ಸೊಂಟ ಬಿದ್ದ್‌ಹೋಗುತ್ತೆ. ಇನ್ಮೇಲೆ ಆ ಕಡೆ ಹೋಗೋದಿಲ್ಲ, ಅವ್ಳಿಗೆ ಬರೆದ್ಬಿಡು” ಅಂದರು. ನಾನು ನಿನ್ನ ಪರವಾಗಿ ವಾದಿಸಿದೆ, ನಂಬು. ಎರಡು ನಿಮಿಷ ವಾದಿಸಿದೆ.

ಮೀಸೆ ತೆಗೆದಿದ್ದಾರೆ. ಅಡುಗೆಮನೆ ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟಿದ್ದಾರೆ. ಮನೆಯ ಯಜಮಾನಿ ಬಾಡಿಗೆ ಕೇಳಲು ಬಂದವಳು, “ಏನಮ್ಮಾ, ನಿಮ್ಮೋರು ಹೊಸ ಅಳಿಯನ ಥರ ಕಾಣ್ತಾರಲ್ಲ” ಎಂದು ಬಾಡಿಗೆಯನ್ನೇ ಮರೆತು ಹೋದಳು.

ನಿನ್ನಲ್ಲಿ ಇಲ್ಲ ಎಂದು ನೀನೇ ಬರೆದುಬಿಟ್ಟೆ. ಅವರೆಲ್ಲಿರಬೇಕೆಂದು ನೀನೇ ತೀರ್ಪು ಕೊಟ್ಟೆ. ನಿನ್ನ ಕಾಗದ ಸುಳ್ಳು ಎಂದು ನೀನೇ ಬರೆಯುವ ತನಕ ಅವರು ಇಲ್ಲೇ ಇರುತ್ತಾರೆ.

ಅಕ್ಕ


೧೫ ಫೆಬ್ರವರಿ ೧೯೮೧

ಅಕ್ಕನವರಿಗೆ,

ನಿಮ್ಮ ಕಾಗದ ನಿನ್ನೆ ಸಿಕ್ಕಿತು. ಎಲ್ಲಿ ಸಿಕ್ಕಿತು ಎಂದು ಹೇಳಬೇಕು.

ವಾರವೆಲ್ಲ ನಿದ್ದೆ ಇಲ್ಲ. ಕೊನೆಗೆ ವಕೀಲರೇ, “ನಗೋದೆಲ್ಲ ಆಯ್ತು, ನಡಿಯಮ್ಮ, ಪೊಲೀಸ್ ಠಾಣೇಲಿ ಬರೆಸೋಣ. ಹತ್ತು ದಿನದಿಂದ ಒಬ್ಬ ಮನುಷ್ಯ ಕಾಣ್ತಿಲ್ಲ ಅಂದ್ರೆ ಹುಡುಗಾಟನಾ?” ಎಂದು ಕೋಟು ಹಾಕಿಕೊಂಡರು. ನಮ್ಮವರ ಫೋಟೋ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದ್ದೆ. ಅಂಚೆಯವನು ಎದುರಿಗೆ ಬಂದ. ಅಲ್ಲೇ ನಿಂತು ಓದಿದೆ. ವಕೀಲರು “ಏನಂತೆ?” ಎಂದರು. “ಅಕ್ಕನ ಮನೇಲಿದ್ದಾರಂತೆ. ಮೀಸೆ ತೆಗೆದಿದ್ದಾರಂತೆ” ಎಂದೆ. ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಇಡೀ ದಿನ ನನ್ನ ಮುಖ ನೋಡಲಿಲ್ಲ.

ಎಷ್ಟು ನಾಚಿಕೆಯಾಯಿತೋ ಅಷ್ಟೇ ನೆಮ್ಮದಿಯೂ ಆಯಿತು. ಅದನ್ನೂ ಬರೆಯುತ್ತೇನೆ, ನಕ್ಕುಕೊಳ್ಳಿ. ಎಲ್ಲೋ ಒಂದು ಕಡೆ ಇದ್ದಾರಲ್ಲ, ಸೂರಿನ ಕೆಳಗೆ, ಊಟ ಮಾಡಿಕೊಂಡು.

ನೆಮ್ಮದಿ ಒಂದು ಗಂಟೆ ಇತ್ತು. ಆಮೇಲೆ ಅವರ ಅಂಗಿಗಳನ್ನೆಲ್ಲ ಮಂಚದ ಕೆಳಗೆ ಎಸೆದೆ. ಆಮೇಲೆ ತೆಗೆದು ಮಡಿಸಿದೆ.

ನನ್ನನ್ನು ಬಿಡುವುದಾದರೆ ಬಿಡಲಿ. ಆದರೆ ಅವರ ಕೈಯಿಂದಲೇ ಒಂದು ಸಾಲು ಬರೆಸಿ ಕಳಿಸಿ. ‘ಬರುವುದಿಲ್ಲ’ ಎಂದಾದರೂ ಸರಿ. ನಿಮ್ಮ ಅಕ್ಷರದಲ್ಲಿ ಅವರ ಮಾತು ಓದಲಾರೆ.

ಕಿರಿಯವಳು


೧೯ ಫೆಬ್ರವರಿ ೧೯೮೧

ತಂಗಿ,

ಓದಿದೆವು. ಓದಿದೆವು ಎಂದರೆ, ನಾನು ಗಟ್ಟಿಯಾಗಿ ಓದಿದೆ, ಅವರು ಟೀ ಹೀರುತ್ತಾ ಕೇಳಿದರು. ಪೊಲೀಸ್ ಠಾಣೆಯ ಪ್ರಸಂಗ ಬಂದಾಗ, “ಎಲಾ ಇವ್ಳ! ಇಷ್ಟು ಚೆನ್ನಾಗಿ ಬರೀತಾಳೆ ಅಂತ ಗೊತ್ತೇ ಇರ್ಲಿಲ್ಲ ಕಣೆ” ಎಂದರು. ನನಗೂ ಗೊತ್ತಿರಲಿಲ್ಲ. ಹೊಸ್ತಿಲು, ಫೋಟೋ, ಕೋಟು, ಗೂಟ, ಒಳ್ಳೇ ನಾಟಕದ ಕೂಟ. ಜುಲೈನಲ್ಲಿ ಬರೇ ಎದೆ ಹೊಡೆದುಕೊಂಡಿತ್ತು, ಈಗ ವಕೀಲರನ್ನೂ ರಂಗಕ್ಕೆ ತಂದಿದ್ದೀಯ. ಪಳಗಿದ್ದೀಯ.

ಅವರ ಕೈಯಿಂದ ಸಾಲು ಬೇಕೆಂದೆ. ಕೈಗೆಲ್ಲ ಶಾಯಿ, ಎಣ್ಣೆ. ಕಂದಾಯ ಕಚೇರಿಯ ಹನ್ನೆರಡು ಯಂತ್ರ ಒಟ್ಟಿಗೆ ಬಿಚ್ಚಿ ಹರವಿಕೊಂಡು ಕೂತಿದ್ದಾರೆ, ಕಾಗದ ಮುಟ್ಟಿದರೆ ಹೊಲಸಾಗುತ್ತದೆ.

ನಿನ್ನಿಂದ ನನಗೆ ಬೇಕಾದದ್ದು ಒಂದೇ ಮಾತು. ಅದು ಯಾವುದು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆದ ದಿನ ಈ ಆಟ ಮುಗಿಸೋಣ. ಅಲ್ಲಿಯ ತನಕ ನೀನು ಅಳು, ನಾನು ನಗುತ್ತೇನೆ. ಯಾರು ಮೊದಲು ದಣಿಯುತ್ತಾರೋ ನೋಡುತ್ತೇನೆ.

ಅಕ್ಕ


೨೩ ಫೆಬ್ರವರಿ ೧೯೮೧

ಅಕ್ಕ,

ಜಗಳ ಪಕ್ಕಕ್ಕಿಡಿ. ಈ ಕಾಗದದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಅದರಲ್ಲಿ ಮಾತ್ರೆಗಳಿವೆ, ಸಣ್ಣ ಬಿಳಿ ಮಾತ್ರೆ, ನಡುವೆ ಗೆರೆ. ಬೆಳಗ್ಗೆ ಒಂದು, ಸಂಜೆ ಒಂದು. ತಪ್ಪಿಸುವ ಹಾಗಿಲ್ಲ. ದಯವಿಟ್ಟು ಈಗಲೇ ಕೊಡಿ, ಆಮೇಲೆ ಮುಂದೆ ಓದಿ.

ಅವರಿಗೆ ಮೂರ್ಛೆ ಬರುತ್ತದೆ. ಎರಡು ವರ್ಷವಾಯಿತು. ಮೊದಲ ಸಲ ಬಂದದ್ದು ಇಲ್ಲಿ, ಸ್ನಾನದ ಮನೆಯ ಬಾಗಿಲಲ್ಲಿ. ಡಾಕ್ಟರು ಈ ಮಾತ್ರೆ ಬರೆದುಕೊಟ್ಟರು. ಎರಡು ದಿನ ಬಿಟ್ಟರೆ ಮತ್ತೆ ಬರುತ್ತದೆ ಎಂದರು. ಅವರು ನನ್ನ ಕೈ ಹಿಡಿದು, “ಅಕ್ಕನಿಗೆ ಗೊತ್ತಾಗೋದು ಬೇಡ ಕಣೆ. ಅವಳ ಕಣ್ಣಲ್ಲಿ ನಾನು ಗಟ್ಟಿ ಮನುಷ್ಯನಾಗೇ ಇರ್ಬೇಕು” ಎಂದರು. ಆಣೆ ಹಾಕಿಸಿಕೊಂಡರು. ನಿಮ್ಮಲ್ಲಿಗೆ ಬರುವಾಗ ಹದಿನೈದು ದಿನದ ಮಾತ್ರೆ ಎಣಿಸಿ, ಮೇಲೆ ಐದಾರು ಸೇರಿಸಿ, ಚೀಲದ ಒಳಜೇಬಿನಲ್ಲಿ ಸ್ಕ್ರೂ ಡಬ್ಬಿಯ ಕೆಳಗೆ ಇಡುತ್ತಿದ್ದೆ. ನೀವು ನೋಡದಾಗ ನುಂಗುತ್ತಿದ್ದರು.

ನಿಜ ಹೇಳುತ್ತೇನೆ, ನಿಮಗೆ ಗೊತ್ತಿಲ್ಲದ್ದು ನನಗೊಬ್ಬಳಿಗೇ ಗೊತ್ತಿದೆ ಎಂಬ ಜಂಬವೂ ನನಗಿತ್ತು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವರು ನೀವು. ನನ್ನ ಪಾಲಿಗೆ ಇದೊಂದಾದರೂ ಇರಲಿ ಎಂದು ಬಾಯಿ ಮುಚ್ಚಿಕೊಂಡೆ.

ಎಣಿಸಿ ನೋಡಿದರೆ ಅವರ ಮಾತ್ರೆ ಐದನೇ ತಾರೀಕಿಗೇ ಮುಗಿದಿರಬೇಕು. ಅಲ್ಲೇ ಇದ್ದರೆ ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕಿತ್ತು. ಏನೂ ಆಗಿಲ್ಲವೇ? ಬೀಳಲಿಲ್ಲವೇ? ಅಲ್ಲಿಯೂ ಡಾಕ್ಟರಿಗೆ ತೋರಿಸಿದ್ದೀರಾ? ಒಂದು ಸಾಲು ಬರೆಯಿರಿ ಅಕ್ಕ. ಗೆದ್ದವರು ನೀವೇ. ಒಂದು ಸಾಲು.

ತಂಗಿ


೨೭ ಫೆಬ್ರವರಿ ೧೯೮೧

ತಂಗಿ,

ಪಾರ್ಸೆಲ್ ಬಂತು. ಮಾತ್ರೆ ಕೊಡುತ್ತಿದ್ದೇನೆ. ಬೆಳಗ್ಗೆ ಒಂದು, ಸಂಜೆ ಒಂದು. ಚೆನ್ನಾಗಿದ್ದಾರೆ. ನೀನು ಹೆದರಬೇಡ.

ಕೆಲವು ವಿಷಯ ತಿಳಿದಿರಲಿ ಎಂದು ಕೇಳುತ್ತೇನೆ. ನೋಡಿಕೊಳ್ಳುವವಳಿಗೆ ಗೊತ್ತಿರಬೇಕಲ್ಲ, ಅದಕ್ಕೆ.

ಮೂರ್ಛೆ ಬರುವ ಮುಂಚೆ ಅವರಿಗೆ ತಿಳಿಯುತ್ತದೆಯೇ? ಎಲ್ಲಾದರೂ ಕೂತುಕೊಳ್ಳುವಷ್ಟು ಹೊತ್ತು ಸಿಗುತ್ತದೆಯೇ? ಎದ್ದ ಮೇಲೆ ಹೆಸರು, ಊರು ಹೇಳುತ್ತಾರೆಯೇ? ಅವರ ಜೇಬಿನಲ್ಲಿ ವಿಳಾಸದ ಚೀಟಿ ಏನಾದರೂ ಇಟ್ಟಿರುತ್ತಿದ್ದೆಯಾ?

ಇನ್ನೊಂದು. ಇಲ್ಲಿಂದ ಹೊರಟ ಬಸ್ಸು ನೇರ ನಿನ್ನ ಊರಿಗೆ ಬರುವುದೋ, ನಡುವೆ ಬದಲಿಸಬೇಕೋ? ನಾನೆಂದೂ ಆ ದಾರಿಯಲ್ಲಿ ಬಂದವಳಲ್ಲ. ಎಲ್ಲಿ ಇಳಿಯುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ? ಪ್ರಯಾಣ ದೇಹಕ್ಕೆ ಎಷ್ಟು ಆಯಾಸ ಎಂದು ಅಳೆಯುವುದಕ್ಕೆ ಕೇಳಿದೆ, ಬೇರೇನಲ್ಲ.

ಅವತ್ತು ನೀನು ನಿಜವಾಗಿಯೂ ಠಾಣೆಗೆ ಹೋಗಲೇ ಇಲ್ಲವೇ?

ಬೇಗ ಬರೆ.

ಅಕ್ಕ


೩ ಮಾರ್ಚ್ ೧೯೮೧

ಅಕ್ಕ,

ನಿಮ್ಮ ಕಾಗದ ಓದಿ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಇಷ್ಟೆಲ್ಲ ಕೇಳಿದ್ದೀರೆಂದರೆ ಅವರನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಿದ್ದೀರಿ ಎಂದು ತಿಳಿಯಿತು. ನಿಮ್ಮ ಬಗ್ಗೆ ನಾನು ಏನೇನೋ ಅಂದುಕೊಂಡಿದ್ದೆ. ಇಲ್ಲಿ ಬರೆಯುವಂಥದ್ದಲ್ಲ.

ಮೊದಲೇ ತಿಳಿಯುತ್ತದೆ, ಆದರೆ ಹೊತ್ತು ಸಿಗುವುದಿಲ್ಲ. “ಸುಟ್ಟ ರಬ್ಬರಿನ ವಾಸನೆ ಬರ್ತಿದೆ” ಅನ್ನುತ್ತಾರೆ, ಅಷ್ಟರಲ್ಲಿ ಬಿದ್ದಿರುತ್ತಾರೆ. ಎದ್ದ ಮೇಲೆ ಹೆಸರು, ಊರು ಯಾವುದೂ ಗೊತ್ತಿರುವುದಿಲ್ಲ. ನೋಡಿದರೆ ಸರಿಯಾಗೇ ಇದ್ದಾರೆ ಅನಿಸುತ್ತದೆ, ನಡೆಯುತ್ತಾರೆ, ಕೊಟ್ಟದ್ದು ಕುಡಿಯುತ್ತಾರೆ, ಯಾರು ಕರೆದರೂ ಅವರ ಹಿಂದೆ ಹೋಗುತ್ತಾರೆ. ಒಂದು ಸಲ ಎರಡು ದಿನ ಹಾಗೇ ಇದ್ದರು. ಚೀಟಿ ಇಡಲು ಹೋದರೆ, “ನಾನೇನು ಶಾಲೆ ಮಗುನಾ?” ಎಂದು ಹರಿದು ಹಾಕಿದರು.

ಬಸ್ಸು ನೇರ ಇಲ್ಲ. ಸೇತುವೆ ಪಕ್ಕದ ದೊಡ್ಡ ನಿಲ್ದಾಣದಲ್ಲಿ ಇಳಿದು ಒಂದೂವರೆ ಗಂಟೆ ಕಾಯಬೇಕು. ಮೆಟ್ಟಿಲ ಕೆಳಗೆ ಒಂದು ಟೀ ಅಂಗಡಿ ಇದೆಯಂತೆ, ಅಲ್ಲೇ ಕೂರುತ್ತಾರೆ.

ಠಾಣೆಗೆ ಹೋಗಲಿಲ್ಲ. ನೀವು ಇದ್ದಾರೆ ಎಂದು ಬರೆದ ಮೇಲೆ ಯಾಕೆ ಹೋಗಲಿ?

ಇನ್ನೊಂದು ಮಾತನ್ನು ನಿಮಗೆ ಹೇಳಬಾರದೆಂದು ಗಟ್ಟಿಯಾಗಿ ಹಿಡಿದಿಟ್ಟಿದ್ದೆ. ಆ ಎರಡು ದಿನ ಅವರು ನನ್ನನ್ನು ನಿಮ್ಮ ಹೆಸರಿನಿಂದ ಕರೆಯುತ್ತಿದ್ದರು. ನಾನೂ “ಹೂಂ, ಏನು?” ಎಂದು ಓಗೊಟ್ಟೆ.

ಇಟ್ಟುಕೊಳ್ಳಿ ಅಕ್ಕ. ಕಾರ್ಡು, ಎಣಿಕೆ ಎಲ್ಲ ಇಲ್ಲಿಗೇ ಸಾಕು. ಹತ್ತನೇ ತಾರೀಕು ನನಗೆ ರಜೆ ಇದೆ. ಆ ದಿನ ಬರುತ್ತೇನೆ. ನಿಮ್ಮ ಮನೆಯೊಳಗೆ ಕಾಲಿಡುವುದಿಲ್ಲ. ಎದುರು ಸಾಲಿನಲ್ಲಿ ನಿಂತಿರುತ್ತೇನೆ, ಅವರು ಕೆಲಸ ಮುಗಿಸಿ ಬರುವಾಗ ಒಂದು ಸಲ ಕಂಡರೆ ಸಾಕು. ಅವರಿಗೆ ಹೇಳಬೇಡಿ.

ತಂಗಿ


೭ ಮಾರ್ಚ್ ೧೯೮೧

ತಂಗಿ,

ಹತ್ತಕ್ಕೆ ಬರಬೇಡ. ಅವರು ಮನೆಯಲ್ಲಿರುವುದಿಲ್ಲ. ಕಂದಾಯ ಕಚೇರಿಯವರು ಬೇರೆ ಊರಿಗೆ ಕಳಿಸುತ್ತಿದ್ದಾರೆ, ಅಲ್ಲಿಯ ಯಂತ್ರಗಳೂ ಕೆಟ್ಟಿವೆಯಂತೆ. ಎಷ್ಟು ದಿನ ಎಂದು ಹೇಳಿಲ್ಲ. ಸುಮ್ಮನೆ ಬಸ್ಸಿನಲ್ಲಿ ಬಂದು ಆಯಾಸ ಮಾಡಿಕೊಳ್ಳುವುದೇಕೆ?

ನಿನ್ನೆ ನನಗೆ ರಜೆ. ನಾವಿಬ್ಬರೂ ಸೇತುವೆ ಊರಿಗೆ ಹೋಗಿದ್ದೆವು. ನೀನು ಬರೆದೆಯಲ್ಲ, ನೋಡಿಯೇ ಬರೋಣ ಎನಿಸಿತು. ಮೆಟ್ಟಿಲ ಕೆಳಗಿನ ಟೀ ಅಂಗಡಿಯಲ್ಲಿ ಕೂತೆವು. ಟೀ ಚೆನ್ನಾಗಿರಲಿಲ್ಲ. ಅಂಗಡಿಯವನು ಮಾತುಗಾರ. ಅವನು ಒಂದು ಸುದ್ದಿ ಹೇಳಿದ. ಯಾರದೋ ಸುದ್ದಿ.

“ಹೋದ ತಿಂಗಳ ಶುರೂಲಿ, ಒಂದ್ ಸೋಮವಾರ, ಇಲ್ಲೇ ಒಬ್ರು ಬಿದ್ಬಿಟ್ರಮ್ಮ. ನೀವು ಕೂತಿರೋ ಬೆಂಚಿಂದಾನೇ. ನೀರು ಚಿಮುಕಿಸಿ ಎಬ್ಬಿಸ್ದೆ. ಬೆರಳೆಲ್ಲಾ ನೀಲಿ ಶಾಯಿ. ಯಾವೂರು ಸ್ವಾಮಿ ಅಂದ್ರೆ ನನ್ನೇ ನೋಡ್ತಾರೆ. ಟೀ ಕೊಟ್ಟೆ, ಕುಡಿದ್ರು. ಮೀಸೆಗೆ ಅಂಟಿದ್ದನ್ನ ಒರೆಸ್ಕೊಂಡ್ರು. ಆಮೇಲೆ ಒಬ್ಬ ಕಂಡಕ್ಟರ್ ‘ಬನ್ನಿ ಬನ್ನಿ, ಸೀಟಿದೆ’ ಅಂತ ಕೂಗ್ದ ನೋಡಿ, ಎದ್ದು ಅವನ ಹಿಂದೆ ಹೋಗ್ಬಿಟ್ರು.”

ಯಾವ ಬಸ್ಸು ಎಂದು ಕೇಳಿ… ದೆವು.

“ಗಿರಾಕಿ ಇದ್ರಮ್ಮ, ನೋಡ್ಲಿಲ್ಲ. ಚೀಲ ಮರೆತು ಹೋದ್ರು. ಇವತ್ತು ಬರ್ತಾರೆ ನಾಳೆ ಬರ್ತಾರೆ ಅಂತ ಇಟ್ಕೊಂಡಿದೀನಿ. ಯಾರೂ ಕೇಳ್ಕೊಂಡು ಬರ್ಲಿಲ್ಲ. ಮನೆ ಕಡೆ ಯಾರೂ ಇಲ್ವೇನೋ, ಪಾಪ.”

ಆ ನಿಲ್ದಾಣದಿಂದ ದಿನಕ್ಕೆ ಎಷ್ಟು ಬಸ್ಸು ಹೊರಡುತ್ತವೆ ಎಂದು ವಿಚಾರಿಸಿದೆ. ನಲವತ್ತೊಂದು. ಎಂಟು ದಿಕ್ಕಿಗೂ ಹೋಗುತ್ತವೆ. ಅಲ್ಲಿಯ ಕಂಟ್ರೋಲರ್ ನಕ್ಕು, “ತಿಂಗಳ ಮೇಲಾಯ್ತಲ್ಲಮ್ಮ, ಅವತ್ತೇ ಬಂದಿದ್ರೆ ಡ್ರೈವರ್‌ಗಳನ್ನ ಕೇಳಬಹುದಿತ್ತು. ಈಗ ಯಾರಿಗೆ ನೆನಪಿರುತ್ತೆ?” ಎಂದ. ಅಲ್ಲಿಯ ಆಸ್ಪತ್ರೆಗೆ ಹೋದೆ. ಇಲ್ಲಿಯ ಎರಡು ಆಸ್ಪತ್ರೆಗೆ ಕಳೆದ ವಾರವೇ ಹೋಗಿದ್ದೆ. ಸಂಜೆ ನಾವಿಬ್ಬರೂ ವಾಪಸ್ ಬಸ್ಸು ಹತ್ತಿದೆವು, ಚೀಲ ನನ್ನ ತೊಡೆಯ ಮೇಲಿತ್ತು, ನಾವಿಬ್ಬರೂ

ಅವರು ಇಲ್ಲಿಲ್ಲ.

ಎರಡನೇ ತಾರೀಕು ಹೊರಟವರು ಈ ಮನೆಗೆ ಮತ್ತೆ ಬಂದೇ ಇಲ್ಲ. ಜುಲೈನ ಹಾಗೆ ನಿನ್ನ ಮನೆಯಲ್ಲಿಟ್ಟುಕೊಂಡು ನನ್ನನ್ನು ಓಡಾಡಿಸುತ್ತಿದ್ದೀಯ ಎಂದುಕೊಂಡೆ. ಇಲ್ಲಿದ್ದಾರೆ ಎಂದು ಬರೆದರೆ ಉರಿದುಕೊಂಡು ‘ಸುಳ್ಳು, ಅವರು ನನ್ನ ಹತ್ತಿರ ಇದ್ದಾರೆ’ ಎಂದು ನೀನೇ ಬಾಯಿಬಿಡುತ್ತೀಯ ಎಂದು ಬರೆದೆ. ನೀನು ನಂಬುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ಪಾರ್ಸೆಲ್ ಬಿಚ್ಚಿದಾಗ ತಿಳಿಯಿತು. ತಿಳಿದ ಮೇಲೂ ನಿನಗಿಂತ ಮೊದಲು ಹುಡುಕಿಬಿಡುತ್ತೇನೆ, ಸುಳ್ಳನ್ನು ನಿಜ ಮಾಡುತ್ತೇನೆ ಎಂದು ಎಂಟು ದಿನ ಕಳೆದೆ.

ಇದೂ ಪೂರ್ತಿಯಲ್ಲ.

ಅವರು ಹೊರಡುವ ಮೂರು ದಿನ ಮುಂಚೆ ಚೀಲದ ಒಳಜೇಬಿನಲ್ಲಿ ಆ ಮಾತ್ರೆಗಳನ್ನು ಕಂಡೆ. ಅವರನ್ನು ನಿನ್ನ ಸೆರಗಿಗೆ ಕಟ್ಟಿಕೊಳ್ಳಲು ನೀನು ಕೊಡುವ ಯಾವುದೋ ಮದ್ದು ಎಂದುಕೊಂಡು ಎಲ್ಲವನ್ನೂ ತೆಗೆದು ನನ್ನ ಕಪಾಟಿನಲ್ಲಿ ಬೀಗ ಹಾಕಿಟ್ಟೆ. ಮರುದಿನ ಅವರು ಚೀಲವನ್ನು ನೆಲಕ್ಕೆ ಸುರಿದು ಮಂಡಿಯೂರಿ ಹುಡುಕುತ್ತಿದ್ದರು. “ಏನ್ರೀ ಹುಡುಕ್ತಿದ್ದೀರಿ?” ಎಂದೆ. “ಏನಿಲ್ಲ ಕಣೆ, ಒಂದು ಸಣ್ಣ ಸ್ಕ್ರೂ” ಎಂದರು. ನಾನೂ ಪಕ್ಕದಲ್ಲಿ ಕೂತು, ಅವರ ಜೊತೆ ಆ ಸ್ಕ್ರೂ ಹುಡುಕಿದೆ.